ಮೊದಲ ಎರರ್ ಎಲ್ಲಿದೆ?

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣ)



ಕಂಪ್ಯೂಟರ್ ಸೈನ್ಸ್ ಓದುವ ಮಕ್ಕಳಿರುವ ಮನೆಗಳಲ್ಲಿ ಒಂದು ದೂರು ಕೇಳುತ್ತೇನೆ: "ರಾತ್ರಿಯೆಲ್ಲ ಕಪ್ಪು ಪರದೆ ನೋಡುತ್ತಾ ಕೂರುತ್ತಾನೆ. ಕೇಳಿದರೆ ಇನ್ನೂ ಆಗಿಲ್ಲ ಅನ್ನುತ್ತಾನೆ." ಅವರಲ್ಲಿ ಕೆಲವರು ಮಾಡುತ್ತಿರುವ ಕೆಲಸ ಏನೆಂದು ಇವತ್ತು ಹೇಳುತ್ತೇನೆ.

'ಲಿನಕ್ಸ್ ಫ್ರಮ್ ಸ್ಕ್ರ್ಯಾಚ್' ಎಂಬ ಪುಸ್ತಕವಿದೆ. ಗೆರಾರ್ಡ್ ಬೀಕ್ಮನ್ಸ್ ಎಂಬವರು 1999ರಲ್ಲಿ ಆರಂಭಿಸಿದ್ದು, ಉಚಿತವಾಗಿ ಸಿಗುತ್ತದೆ. ಸಿದ್ಧ ಆಪರೇಟಿಂಗ್ ಸಿಸ್ಟಮ್ ಹಾಕಿಕೊಳ್ಳುವ ಬದಲು, ಒಂದೊಂದು ಭಾಗದ ಸೋರ್ಸ್ ಕೋಡನ್ನೂ ಇಳಿಸಿ, ಕಂಪೈಲ್ ಮಾಡಿ, ಇಡೀ ವ್ಯವಸ್ಥೆಯನ್ನು ತಾವೇ ಕಟ್ಟುವುದನ್ನು ಅದು ಕಲಿಸುತ್ತದೆ. ಹೋಟೆಲಿನಿಂದ ಬಿರಿಯಾನಿ ತರಿಸುವುದಲ್ಲ, ಮಸಾಲೆ ಕುಟ್ಟುವುದರಿಂದಲೇ ಶುರು.

ನಡುವೆ ಎಲ್ಲೋ ಕೆಲಸ ನಿಲ್ಲುತ್ತದೆ. ಮಕ್ಕಳು ಕೊನೆಯ ಸಾಲನ್ನು ನೋಡುತ್ತಾರೆ. ಅಲ್ಲಿರುವುದು ಕೆಲಸ ನಿಂತಿತು ಎಂಬ ಪ್ರಕಟಣೆ ಮಾತ್ರ. ಕಂಪ್ಯೂಟರ್ ಒಟ್ಟಿಗೆ ನಾಲ್ಕು ಕೆಲಸ ಮಾಡುತ್ತಿದ್ದರೆ, ಒಂದು ಕೆಟ್ಟರೂ ಉಳಿದ ಮೂರು ತಮ್ಮ ಮಾತು ಮುಗಿಸಿಯೇ ನಿಲ್ಲುತ್ತವೆ. ನಿಜವಾದ ಕಾರಣ ಎಷ್ಟೋ ಸಾಲು ಮೇಲೆ ಹೂತುಹೋಗಿರುತ್ತದೆ. ಗಣಿತದ ಉತ್ತರಪತ್ರಿಕೆ ತಿದ್ದಿದವರಿಗೆ ಇದು ಹೊಸದಲ್ಲ: ಮೂರನೆಯ ಸಾಲಿನಲ್ಲಿ ಚಿಹ್ನೆ ತಪ್ಪಿದ್ದರೆ ಹತ್ತನೆಯ ಸಾಲನ್ನು ದಿಟ್ಟಿಸಿ ಫಲವಿಲ್ಲ. ಒಂದೊಂದೇ ಕೆಲಸ ನಡೆಯುವಂತೆ ಮತ್ತೆ ಓಡಿಸಿ, ಬಂದದ್ದನ್ನೆಲ್ಲ ಫೈಲಿಗೆ ಉಳಿಸಿ, ಮೇಲಿನಿಂದ ಮೊದಲ ಎರರ್ ಹುಡುಕಿ.

ನಮಾಝಿಗೆ ವುಝೂ ಇದ್ದ ಹಾಗೆ ಇದಕ್ಕೂ ಸಿದ್ಧತೆ ಇದೆ. ಪುಸ್ತಕದಲ್ಲಿ ಒಂದು ಪರೀಕ್ಷಾ ಸ್ಕ್ರಿಪ್ಟ್ ಕೊಟ್ಟಿದ್ದಾರೆ, ಅದನ್ನು ಓಡಿಸದೆ ಮುಂದೆ ಹೋಗಬೇಡಿ. ಉದಾಹರಣೆಗೆ, ಉಬುಂಟುವಿನಲ್ಲಿ ಸಾಮಾನ್ಯವಾಗಿ 'ಎಸ್‌ಎಚ್' ಎಂದರೆ ಓಗೊಡುವುದು ಡ್ಯಾಶ್. ಪುಸ್ತಕಕ್ಕೆ ಬೇಕಾದದ್ದು ಬ್ಯಾಶ್. ಕೆಟ್ಟು ನಿಂತ ಪ್ಯಾಕೇಜಿನ ಹಳೆಯ ಫೋಲ್ಡರನ್ನು ಅಳಿಸಿ, ಹೊಸದಾಗಿ ಬಿಚ್ಚಿ ಆರಂಭಿಸಿ.

ದಾನಿಗಳು ಮುಂದಿನದನ್ನು ದಯವಿಟ್ಟು ಗಮನಿಸಬೇಕು. ಪ್ರತಿ ಸಲ ಅದೇ ಜಾಗದಲ್ಲಿ ನಿಂತರೆ ಸಾಮಾನ್ಯವಾಗಿ ಸಿದ್ಧತೆಯಲ್ಲೋ ಕೋಡಿನಲ್ಲೋ ದೋಷ. ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ನಿಂತರೆ ಯಂತ್ರವನ್ನೇ ಶಂಕಿಸಬೇಕು: ಕೆಟ್ಟ ಮೆಮೊರಿ, ಅತಿಯಾದ ಬಿಸಿ. ಜಿಸಿಸಿ ಎಂಬ ದೊಡ್ಡ ಪ್ಯಾಕೇಜ್ ಕಟ್ಟುವಾಗ 'ಕಿಲ್ಡ್' ಎಂಬ ಪದ ಬಂದರೆ ಬಹುಮಟ್ಟಿಗೆ ಮೆಮೊರಿ ಸಾಲದೆ ಹೋಗಿದೆ ಎಂದರ್ಥ. ಪುಸ್ತಕದ ಇತ್ತೀಚಿನ ಆವೃತ್ತಿಗಳು 8 ಜಿಬಿ ಮೆಮೊರಿ ಇರಲಿ ಎನ್ನುತ್ತವೆ. ನಮ್ಮ ಮಕ್ಕಳ ಕೈಯಲ್ಲಿರುವುದು ಯಾರೋ ಬಳಸಿ ಬಿಟ್ಟ 4 ಜಿಬಿಯ ಲ್ಯಾಪ್‌ಟಾಪ್. ಡಿಸ್ಕಿನಲ್ಲಿ ಸ್ವಾಪ್ ಜಾಗ ಮಾಡಿ, ಒಂದೊಂದೇ ಕೆಲಸ ಹಚ್ಚಿದರೆ ಅದರಲ್ಲೂ ಮುಗಿಯಬಹುದು. ಆದರೆ ನಿಧಾನ, ಅನುಕೂಲಸ್ಥರ ಮಗು ಸಂಜೆಯೊಳಗೆ ಮುಗಿಸಿದ್ದಕ್ಕೆ ಈ ಮಗು ರಾತ್ರಿಯೆಲ್ಲ ಕಾಯಬೇಕು. ಮನೆಯವರು ಆಲಸ್ಯ ಎನ್ನುತ್ತಾರೆ, ಮಗು ತನಗೆ ತಲೆಯಿಲ್ಲ ಎಂದುಕೊಳ್ಳುತ್ತದೆ. ಹೀಗೆ ಕೋರ್ಸನ್ನೇ ಬಿಡುವ ಯೋಚನೆ ಬಂದರೆ ಅಚ್ಚರಿಯಿಲ್ಲ.

ಆದ್ದರಿಂದ ಟ್ರಸ್ಟಿಗೆ ಎರಡು ಸಲಹೆ. ಹಳೆಯ ಲ್ಯಾಪ್‌ಟಾಪ್ ಕೊಡುವವರು ಅದರ ಜೊತೆ ಮೆಮೊರಿ ಹೆಚ್ಚಿಸುವ ಖರ್ಚನ್ನೂ ಕೊಡಲಿ. ಎರಡನೆಯದು, ನವೀಕರಣದ ಅರ್ಜಿಯಲ್ಲಿ ಅಂಕಪಟ್ಟಿಯ ಜೊತೆ ಒಂದು ಪುಟ ಸೇರಿಸೋಣ: ಎಲ್ಲಿ ನಿಂತಿತು, ಮೊದಲ ಎರರ್ ಏನಿತ್ತು, ಏನೇನು ಪ್ರಯತ್ನಿಸಿದೆ. ಕೆಲಸ ಪೂರ್ತಿಯಾಗದಿದ್ದರೂ ಆ ಪುಟವನ್ನು ಸ್ವೀಕರಿಸಬೇಕು. ಓದಿ ನೋಡುವ ಕೆಲಸಕ್ಕೆ ನಾನು ಸಿದ್ಧ.