ಕುಲ್ಫಿಯವನ ಅಂಗೈ



ದೆಹಲಿಯ ಪೀತಮ್‌ಪುರದಲ್ಲಿ 235 ಮೀಟರ್ ಎತ್ತರದ ಟಿ.ವಿ. ಗೋಪುರವಿದೆ. ಅತ್ತ ಹೋದವರು ಕತ್ತೆತ್ತಿ ಅದನ್ನು ನೋಡುತ್ತಾರೆ. ಜೂನ್ ತಿಂಗಳ ಸೆಕೆಯಲ್ಲಿ ನನ್ನ ಕಣ್ಣು ಮಾತ್ರ ಕೆಳಗೆ, ಕುಲ್ಫಿ ಗಾಡಿಯ ಮೇಲೆ. ಮಡಕೆಯ ತುಂಬ ಉಪ್ಪು ಬೆರೆಸಿದ ಐಸು, ಅದರೊಳಗೆ ಹುಗಿದಿಟ್ಟ ಅಲ್ಯೂಮಿನಿಯಂ ಅಚ್ಚುಗಳು. ಕುಲ್ಫಿಯವನು ಒಂದನ್ನು ಹೊರತೆಗೆದು, ದೀಪದ ಬತ್ತಿ ಹೊಸೆದ ಹಾಗೆ ಎರಡು ಅಂಗೈಗಳ ನಡುವೆ ನಾಲ್ಕು ಸಲ ಹೊಸೆಯುತ್ತಾನೆ. ಬೋರಲು ಹಾಕಿದರೆ ಸಾಕು, ಕುಲ್ಫಿ ತಾನೇ ಜಾರಿ ಬೀಳುತ್ತದೆ. ಎಳೆಯುವುದಿಲ್ಲ, ಕುಟ್ಟುವುದೂ ಇಲ್ಲ.

ಕುಲ್ಫಿ ಹಾಲಿನದಾದರೂ ಅಚ್ಚನ್ನು ಕಚ್ಚಿಕೊಳ್ಳುವುದು ಅದರೊಳಗಿನ ನೀರು. ನೀರು ಲೋಹದ ಮೇಲೆ ಚೆನ್ನಾಗಿ ಹರಡಿ, ಕಣ್ಣಿಗೆ ಕಾಣದ ಗೀರುಗಳಿಗೂ ಇಳಿಯುತ್ತದೆ. ಹೆಪ್ಪುಗಟ್ಟುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗಿ, ಬೆಣೆ ಬಡಿದಂತೆ ಕೂರುತ್ತದೆ. ಲೋಹವೂ ಬಗ್ಗದು, ಐಸೂ ಬಗ್ಗದು. ಎಳೆದರೆ ಇಡೀ ಮೈ ಒಟ್ಟಿಗೇ ಹಟ ಹಿಡಿಯುತ್ತದೆ. ಅಂಗೈಯ ಬಿಸಿ ಮಾತ್ರ ಲೋಹವನ್ನು ಕ್ಷಣದಲ್ಲಿ ದಾಟಿ, ಅಂಚಿನ ತೆಳುಪದರವೊಂದನ್ನು ಕರಗಿಸಿಬಿಡುತ್ತದೆ. ಫ್ರೀಜರಿನ ಸ್ಟೀಲು ಡಬ್ಬಿಗೆ ಒದ್ದೆ ಬೆರಳು ಅಂಟುವುದು ಇದರದೇ ಉಲ್ಟಾ ಲೆಕ್ಕ: ಅಲ್ಲಿ ಲೋಹ ನಮ್ಮ ಬಿಸಿಯನ್ನು ಹೀರಿ ಬೆರಳಿನ ಪಸೆಯನ್ನೇ ಐಸು ಮಾಡುತ್ತದೆ.

ರಬ್ಬರಿನ ಗುಣ ಬೇರೆ. ಅದರ ಮೇಲೆ ನೀರು ಹರಡುವುದಕ್ಕಿಂತ ಹನಿಯಾಗಿ ನಿಲ್ಲಲು ನೋಡುತ್ತದೆ. ಮೇಲಾಗಿ ರಬ್ಬರು ಬಾಗುತ್ತದೆ. ಸಿಲಿಕೋನ್ ರಬ್ಬರಿನ ಐಸು ತಟ್ಟೆಯ ತಳ ಒತ್ತಿ ನೋಡಿ, ಒಂದು ಮೂಲೆಯಲ್ಲಿ ಹುಟ್ಟಿದ ಬಿರುಕು ಓಡುತ್ತಾ ಹೋಗಿ ಐಸು ಕಳಚಿಕೊಳ್ಳುತ್ತದೆ, ಬಾಳೆಲೆಯಿಂದ ಕಡುಬು ಬಿಡಿಸಿದಂತೆ. ಹುಬ್ಬಳ್ಳಿ, ಮೈಸೂರಿಗೆ ಬರುವ ಎಟಿಆರ್ ವಿಮಾನದ ರೆಕ್ಕೆಯ ಮುಂದಿನ ಅಂಚಿನಲ್ಲಿ ಕಪ್ಪು ಪಟ್ಟಿ ಕಂಡಿದ್ದೀರಾ? ಅದು ರಬ್ಬರು. ಮೋಡದೊಳಗೆ ಐಸು ಕಟ್ಟಿದರೆ ಒಳಗಿನಿಂದ ಗಾಳಿ ತುಂಬಿ ಉಬ್ಬಿಸುತ್ತಾರೆ. ಐಸು ಒಡೆದು ಗಾಳಿಗೆ ಹಾರಿಹೋಗುತ್ತದೆ.

ಹಾಗಾದರೆ ಫ್ರೀಜರ್ ಬಾಗಿಲಿನ ರಬ್ಬರಿಗೆ ಐಸು ಅಂಟುವುದೇಕೆ ಎನ್ನುತ್ತೀರಿ. ತಪ್ಪು ಅದರ ಮಡಿಕೆಗಳದು. ಮಳೆಗಾಲದ ತೇವದ ಗಾಳಿ ಸಂದಿಯಲ್ಲಿ ನುಸುಳಿ ಅಲ್ಲೇ ಹೆಪ್ಪುಗಟ್ಟುತ್ತದೆ. ಮಡಿಕೆಯೊಳಗೆ ಐಸು ಕೊಕ್ಕೆಯಂತೆ ಸಿಕ್ಕಿಕೊಳ್ಳುತ್ತದೆ. ಜೊತೆಗೆ ಎಂದೋ ಚೆಲ್ಲಿದ ಶರಬತ್ತಿನ ಜಿಡ್ಡು. ದಯವಿಟ್ಟು ಚಾಕು ಹಾಕಬೇಡಿ, ಜಗ್ಗಲೂಬೇಡಿ, ರಬ್ಬರೇ ಹರಿದೀತು. ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯನ್ನು ಒತ್ತಿ ಹಿಡಿಯಿರಿ, ಐಸು ಬಿಟ್ಟ ಮೇಲೆ ಮಡಿಕೆಗಳನ್ನು ಒರೆಸಿ ಒಣಗಿಸಿ. ಕುಲ್ಫಿಯವನಿಗಿಂತ ತುಸು ಹೆಚ್ಚು ಹೊತ್ತು ಹಿಡಿಯುತ್ತದೆ. ರಬ್ಬರು ಲೋಹದಷ್ಟು ಬೇಗ ಬಿಸಿಯನ್ನು ದಾಟಿಸುವುದಿಲ್ಲ.