ಗರಡಿಯ ಮಣ್ಣು, ಕಬ್ಬಿಣದ ಭಾರ
(ಸಂಘದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣ)



ಕುಸ್ತಿಯ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಮನೆಗೆ ಬಂದು ಕೇಳಿದಾಗ ನಾನು ಮೊದಲು ಒಪ್ಪಲಿಲ್ಲ. ರಾಜ್ಯೋತ್ಸವದ ವೇದಿಕೆಗೆ ಕವಿಗಳ ಮಾತು, ವಚನಕಾರರ ಮಾತು ಒಪ್ಪುತ್ತದೆ. ಲಂಗೋಟಿ ಬಿಗಿದವನ ಮಾತು ಯಾರಿಗೆ ಬೇಕು ಎಂದೆ. "ರನ್ನನ ಗದಾಯುದ್ಧ ಮತ್ತೇನ್ರೀ? ಅದೂ ಇಬ್ಬರು ಪೈಲವಾನರ ಕಥೀನs ಅಲ್ಲೇನು?" ಎಂದು ಅವರು ನಕ್ಕುಬಿಟ್ಟರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಆದ್ದರಿಂದ ಈ ಹೊತ್ತು ತಮ್ಮೆದುರು ನಿಂತಿದ್ದೇನೆ.

ನನ್ನ ವಿಷಯ ಸಣ್ಣದು. ಶಕ್ತಿ ಬೆಳೆಸಲೆಂದು ಭಾರ ಎತ್ತುವುದು, ಕುಸ್ತಿಯ ಪಟ್ಟುಗಳನ್ನು ತಾನು ಅಭ್ಯಾಸಮಾಡುವುದು, ಅವನ್ನೇ ಹುಡುಗರಿಗೆ ಕಲಿಸುವುದು—ಈ ಮೂರು ದುಡಿಮೆಗಳನ್ನು ಒಂದೇ ಶರೀರದಿಂದ ಮಾಡಿಸುವುದು ಹೇಗೆ ಎಂಬುದು. ಇದನ್ನು ನಾನು ಪುಸ್ತಕ ಓದಿ ಕಲಿತವನಲ್ಲ. ಒಬ್ಬ ಹುಡುಗನ ಎಲುಬು ಮುರಿದು ಕಲಿತೆ. ಆ ಸಂಗತಿಯನ್ನು ಮುಚ್ಚಿಟ್ಟು ಮಿಕ್ಕದ್ದನ್ನು ಹೇಳಿದರೆ ತಮಗೆ ಮೋಸಮಾಡಿದಂತಾಗುತ್ತದೆ.

ನನ್ನದು ಬಾಗಲಕೋಟೆಯ ಕಡೆಯ ಹಳ್ಳಿ. ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನ ಬೆರೆಸಿ ಹದಮಾಡಿದ ಗರಡಿಯಲ್ಲಿ ಹತ್ತನೆಯ ವಯಸ್ಸಿಗೆ ಇಳಿದವನು ನಾನು. ದಂಡ, ಬೈಠಕು, ಹಗ್ಗ ಏರುವುದು, ಗುದ್ದಲಿ ಹಿಡಿದು ಅಖಾಡದ ಮಣ್ಣು ಅಗೆಯುವುದು—ಇಷ್ಟೇ ನಮ್ಮ ವ್ಯಾಯಾಮ. ನಮ್ಮ ವಸ್ತಾದರು ಅಖಾಡದ ಅಂಚಿನಲ್ಲಿ ಒಂದು ಕಟ್ಟೆಯ ಮೇಲೆ ಬೆತ್ತ ಹಿಡಿದು ಕೂತಿರುತ್ತಿದ್ದರು. ತಾವು ಮಣ್ಣಿಗಿಳಿಯುತ್ತಿದ್ದುದು ಬಹಳ ಅಪರೂಪ. ಮುದುಕರು ಸೋಮಾರಿಗಳು ಎಂದು ನಾವು ಹುಡುಗರು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದೆವು. ಆ ಕಟ್ಟೆಯ ಅರ್ಥ ನನಗೆ ತಿಳಿಯಲು ಮೂವತ್ತು ವರ್ಷ ಬೇಕಾಯಿತು.

ಹೊಟ್ಟೆಪಾಡಿಗೆ ಪುಣೆಗೆ ಬಂದೆ. ಚಿಂಚವಡದ ಕಡೆ ಕಾರಖಾನೆಯ ಕೆಲಸ. ಸಂಜೆ ನಮ್ಮ ಓಣಿಯ ಹುಡುಗರನ್ನು ಕೂಡಿಸಿ ಕುಸ್ತಿ ಕಲಿಸತೊಡಗಿದೆ. ಕನ್ನಡಿಗರ ಮಕ್ಕಳು, ಮರಾಠಿಗರ ಮಕ್ಕಳು, ಎಲ್ಲರೂ. ಕಲಿಸುವವನಿಗೆ ತನ್ನ ಅಭ್ಯಾಸ ತಾನಾಗಿ ಆಗುತ್ತದೆಂದು ಜನ ತಿಳಿಯುತ್ತಾರೆ. ಹಾಗಾಗುವುದಿಲ್ಲ. ಹನ್ನೆರಡು ವರ್ಷದ ಹುಡುಗನ ಕೈ ಎಲ್ಲಿರಬೇಕೆಂದು ಇಪ್ಪತ್ತು ಸಲ ತೋರಿಸಿದರೆ ಆ ಹುಡುಗನ ಪಟ್ಟು ಬೆಳೆಯುತ್ತದೆ; ತೋರಿಸಿದವನ ಮೈ ದಣಿಯುತ್ತದೆ, ಬೆಳೆಯುವುದಿಲ್ಲ. ನಲವತ್ತು ದಾಟುವಷ್ಟರಲ್ಲಿ ನನ್ನ ತೊಡೆ ಇಳಿದಿತ್ತು, ಹೊಟ್ಟೆ ಏರಿತ್ತು. ಇದಕ್ಕೆ ಮದ್ದು ಬೇಕೆಂದು ಹತ್ತಿರದ ಒಂದು ಜಿಮ್ಮಿಗೆ ಸೇರಿದೆ.

ಕಬ್ಬಿಣದ ರುಚಿ ಹತ್ತಿದರೆ ಬಿಡಿಸುವುದು ಕಷ್ಟ. ಕುಸ್ತಿಯಲ್ಲಿ ನಾನು ಮುಂದುವರಿದೆನೋ ಹಿಂದೆ ಬಿದ್ದೆನೋ ಎಂದು ವರ್ಷವಾದರೂ ತಿಳಿಯದು. ಬಾರ್ಬೆಲ್ ಹಾಗಲ್ಲ, ಹೋದ ತಿಂಗಳು ಎಂಬತ್ತು ಕಿಲೋ, ಈ ತಿಂಗಳು ತೊಂಬತ್ತು, ಲೆಕ್ಕ ಕಣ್ಣೆದುರಿಗೇ ಇರುತ್ತದೆ. ಕಾರಖಾನೆಯ ಮನುಷ್ಯನಿಗೆ ಲೆಕ್ಕವೆಂದರೆ ಪ್ರೀತಿ. ವಾರಕ್ಕೆ ಐದು ದಿನ ಬೆಳಗ್ಗೆ ಭಾರ, ಐದೂ ದಿನ ಸಂಜೆ ಪಾಠ. ಎಂಟು ತಿಂಗಳಲ್ಲಿ ಅಂಗಿಯ ತೋಳು ಬಿಗಿಯಾಯಿತು. ನನ್ನ ಹೆಂಡತಿಯೊಬ್ಬಳೇ "ಕೂತಲ್ಲಿಂದ ಏಳೂವಾಗ ಮುದುಕರಾಂಗ ನರಳತೀರಿ" ಎಂದು ಸತ್ಯ ಹೇಳಿದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಒಂದು ಬುಧವಾರ. ಬೆಳಗ್ಗೆ ಹೆಗಲ ಮೇಲೆ ದೊಡ್ಡ ಭಾರ ಹೊತ್ತು ಬೈಠಕು ಹೊಡೆದಿದ್ದೆ. ಆಮೇಲೆ ಎಂಟು ತಾಸು ಕಾರಖಾನೆಯಲ್ಲಿ ನಿಂತ ಕಾಲು. ಸಂಜೆ ಧೋಬಿ ಪಛಾಡ್ ತೋರಿಸಬೇಕಿತ್ತು. ಅಗಸ ಕಲ್ಲಿಗೆ ಬಟ್ಟೆ ಒಗೆಯುವಂತೆ ಎದುರಾಳಿಯ ತೋಳನ್ನು ಹೆಗಲ ಮೇಲೆ ಸೆಳೆದು, ಸೊಂಟ ಕೆಳಗಿಳಿಸಿ, ಅವನನ್ನು ಬೆನ್ನ ಮೇಲಿಂದ ಒಗೆಯುವ ಪಟ್ಟು ಅದು. ಹದಿನಾಲ್ಕು ವರ್ಷದ ಹುಡುಗನೊಬ್ಬನನ್ನು ಕರೆದು ಬೆನ್ನಿಗೇರಿಸಿಕೊಂಡೆ. ಅರ್ಧಕ್ಕೆ ಬಂದಾಗ ಬಲಮೊಣಕಾಲು ಸುಮ್ಮನೆ ಕೈಬಿಟ್ಟಿತು. ನೋವಿಲ್ಲ, ಉಳುಕಿಲ್ಲ; ಕರೆದರೆ ಕಾಲು ಓಗೊಡಲಿಲ್ಲ, ಅಷ್ಟೆ. ಹುಡುಗ ಕೆಳಗೆ, ನನ್ನ ಎಂಬತ್ತೆರಡು ಕಿಲೋ ಅವನ ಮೇಲೆ. ಡಾಕ್ಟರರು ಕಾಲರ್ ಬೋನ್ ಎನ್ನುವ, ಹೆಗಲ ಮುಂದಿನ ಆ ತೆಳ್ಳನೆಯ ಎಲುಬು ಮುರಿಯಿತು.

ಆಸ್ಪತ್ರೆಯ ಪಡಸಾಲೆಯಲ್ಲಿ ಅವನ ತಾಯಿ ನನ್ನನ್ನು ಬೈಯಲಿಲ್ಲ. "ಮಾಸ್ತರ, ನನ್ನ ಮಗಾ ಕುಸ್ತ್ಯಾಗ ಬಿದ್ದಿದ್ರ ನನಗೇನೂ ಅನಸ್ತಿದ್ದಿಲ್ಲರಿ. ನೀವು ಭಾಳ ದಣದಿದ್ರಿ ಅಂತ ಅಂವನs ಹೇಳ್ಯಾನ. ದಣದಾವ್ರು ಹುಡುಗೂರ್ನ ಯಾಕ ಎತ್ತಬೇಕ್ರಿ?" ಎಂದು ಕೇಳಿದರು. ನಾನು ತಲೆ ತಗ್ಗಿಸಿದೆ. ಮನೆಗೆ ಬಂದ ಮೇಲೂ ಆ ಪ್ರಶ್ನೆ ಬಿಡಲಿಲ್ಲ. ಕಲಿಸುವುದನ್ನು ಬಿಟ್ಟುಬಿಡಲೇ, ಭಾರ ಎತ್ತುವುದನ್ನು ಬಿಡಲೇ ಎಂದು ಎರಡು ತಿಂಗಳು ತೂಗಾಡಿದೆ. ನಮ್ಮ ಹಿಂದಿನವರು ಇದಕ್ಕೆ ಏನು ಮಾಡುತ್ತಿದ್ದರೆಂದು ಹುಡುಕತೊಡಗಿದ್ದು ಆಗ.

ಹುಡುಕಿದಾಗ ಮೊದಲು ಸಿಕ್ಕವನು ನಮ್ಮವನೇ ಆದ ಒಬ್ಬ ರಾಜ. ಈಗಿನ ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದವೆಂದು ಒಂದು ಅಧ್ಯಾಯವೇ ಇದೆ. ಮಲ್ಲರಿಗೆ ಏನು ಉಣಿಸಬೇಕು, ವಯಸ್ಸು-ಬಲ ನೋಡಿ ಅವರನ್ನು ಹೇಗೆ ವಿಂಗಡಿಸಬೇಕು ಎಂಬುದೆಲ್ಲ ಅಲ್ಲಿದೆ. ಅವರ ಶ್ರಮಗಳಿಗೂ ಹೆಸರುಗಳಿವೆ: ಭಾರ ಹೊರುವುದು ಭಾರಶ್ರಮ, ನಡೆಯುವುದು ಭ್ರಮಣಶ್ರಮ, ಈಜುವುದು ಸಲಿಲಶ್ರಮ, ಕಂಬವನ್ನು ಹಿಡಿದು ಮಾಡುವುದು ಸ್ತಂಭಶ್ರಮ. ಇಷ್ಟು ಶತಮಾನಗಳ ಹಿಂದೆಯೇ ಭಾರವೂ ಇತ್ತು ನೋಡಿರಿ. ಭಾರ ಎತ್ತಿದರೆ ಕುಸ್ತಿ ಕೆಡುತ್ತದೆ, ಅದು ಪರದೇಶದ ಚಟ ಎಂದು ಮೂಗು ಮುರಿಯುವ ಹಿರಿಯರು ಇದನ್ನು ಗಮನಿಸಬೇಕು. ಆದರೆ ಅಲ್ಲಿ ಭಾರವು ಹಲವು ಶ್ರಮಗಳಲ್ಲಿ ಒಂದು. ನಾನು ಅದೊಂದನ್ನೇ ಪಟ್ಟಕ್ಕೇರಿಸಿದ್ದೆ.

ಆ ಸ್ತಂಭಶ್ರಮದ ಮಾತು ಬಂದಾಗ ಪುಣೆಯವರಾದ ನಾವು ಸ್ವಲ್ಪ ನಿಲ್ಲಬೇಕು. ಇದೇ ಊರಿನ ಎರಡನೆಯ ಬಾಜೀರಾಯನ ಕಾಲದಲ್ಲಿ ಬಾಳಂಭಟ್ಟ ದಾದಾ ದೇವಧರರು ಮಲ್ಲಕಂಬದ ವಿದ್ಯೆಗೆ ಮತ್ತೆ ಜೀವ ಕೊಟ್ಟರೆಂದು ಪ್ರಸಿದ್ಧಿಯಿದೆ. ಎಣ್ಣೆ ಸವರಿದ ಮರದ ಕಂಬ. ಜೋಡಿಯ ಕುಸ್ತಿಗಾರ ಇಲ್ಲದಾಗ ಅದೇ ಜೋಡಿ. ಅದನ್ನು ತೊಡೆಯಲ್ಲಿ ಬಿಗಿದು, ತೋಳಲ್ಲಿ ತಬ್ಬಿ, ತಲೆಕೆಳಗಾಗಿ ಜಾರಿ ಏರುವವನಿಗೆ ಬಲವೂ ಬೆಳೆಯುತ್ತದೆ, ಹಿಡಿತವೂ ಕಲಿತುಬರುತ್ತದೆ. ಎತ್ತುವ ಭಾರ ತನ್ನ ಮೈಯದೇ, ಮಾಡುವ ಕೆಲಸ ಪಟ್ಟಿನದೇ. ಬಲವನ್ನೂ ವಿದ್ಯೆಯನ್ನೂ ಇಷ್ಟು ಚೆನ್ನಾಗಿ ಒಂದೇ ಹಗ್ಗಕ್ಕೆ ಹೊಸೆದ ಉಪಾಯ ಬೇರೊಂದನ್ನು ನಾನು ಕಂಡಿಲ್ಲ. ಈ ಊರಲ್ಲಿ ಇಷ್ಟು ವರ್ಷ ಇದ್ದೂ ನಾನು ಆ ಕಂಬವನ್ನು ಮುಟ್ಟಿರಲಿಲ್ಲ!

ನಮ್ಮ ಸೀಮೆಯ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವುದನ್ನು ತಾವು ನೋಡಿದ್ದೀರಿ. ಜೋಳದ ಚೀಲ ಹೊತ್ತು ನಡೆಯುವ ಪಂದ್ಯವೂ ಉಂಟು. ನಮ್ಮ ಊರಿನ ಮಟ್ಟಿಗೆ ಹೇಳುವುದಾದರೆ ಕಲ್ಲು ಎತ್ತುವವನೇ ಬೇರೆ, ಕುಸ್ತಿ ಹಿಡಿಯುವವನೇ ಬೇರೆ. ಕಲ್ಲು ಎತ್ತುವವನು ಅಖಾಡಕ್ಕಿಳಿದರೆ ಮೊದಲ ಎರಡು ನಿಮಿಷ ಹುಲಿ, ಆಮೇಲೆ ಏದುಸಿರು. ಕಲ್ಲು ಕೈಯಿಂದ ನುಣುಚಿಕೊಳ್ಳುವುದಿಲ್ಲ, ಮನುಷ್ಯ ನುಣುಚಿಕೊಳ್ಳುತ್ತಾನೆ.

ಹಾಗೆಂದು ಕಬ್ಬಿಣಕ್ಕೂ ಕಲೆಗೂ ವೈರವೇನೂ ಇಲ್ಲ. ಬೆಂಗಳೂರಿನ ಕೆ. ವಿ. ಅಯ್ಯರ್ ಅವರನ್ನು ನೆನೆಯಿರಿ. 'ಶಾಂತಲಾ' ಬರೆದ ಕಾದಂಬರಿಕಾರರೆಂದೇ ಅನೇಕರು ಅವರನ್ನು ಬಲ್ಲರು. ಬಾರ್ಬೆಲ್ಲನ್ನೂ ಸೂರ್ಯನಮಸ್ಕಾರವನ್ನೂ ಒಂದೇ ಅಂಗಳದಲ್ಲಿ ಕಲಿಸಿದ ವ್ಯಾಯಾಮಶಾಲೆಯ ಗುರುಗಳೂ ಅವರೇ. ಕೈಲಾಸಂ ಅವರು ಬಂದು ಹರಟೆಗೆ ಕೂಡುತ್ತಿದ್ದುದು ಆ ವ್ಯಾಯಾಮಶಾಲೆಯಲ್ಲಿಯೇ. ಭಾರದಿಂದ ಮೈ ಬಿರುಸಾಗುತ್ತದೆಂಬ ಆಕ್ಷೇಪಕ್ಕೆ ಅವರ ಶರೀರವೇ ಉತ್ತರವಾಗಿತ್ತು. ಹೊರನಾಡಿನ ಮಾತು ಬೇಕೆಂದರೆ ಜಪಾನಿನ ಜೂಡೋ ಇದೆ. ಅಲ್ಲಿಯೂ ಹಳಬರು ಭಾರವನ್ನು ಅನುಮಾನದಿಂದ ನೋಡುತ್ತಿದ್ದರು. ಹಾಲೆಂಡಿನ ಆಂಟನ್ ಗೀಸಿಂಕ್ ಎಂಬ ಆರೂವರೆ ಅಡಿಯ ಆಳು 1961ರಲ್ಲಿ ಪ್ಯಾರಿಸ್ಸಿನಲ್ಲಿ ಜಗತ್ತಿನ ಪ್ರಶಸ್ತಿಯನ್ನೂ, 1964ರಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ ಮುಕ್ತ ವಿಭಾಗದ ಚಿನ್ನವನ್ನೂ ಗೆದ್ದ. ಭಾರ ಎತ್ತುವುದು ಅವನ ಸಾಧನೆಯ ಒಂದು ಅಂಗವಾಗಿತ್ತು. ಅದೇ ಒಲಿಂಪಿಕ್ಸಿನಲ್ಲಿ ಭಾರೀ ತೂಕದ ಚಿನ್ನ ಗೆದ್ದ ಜಪಾನಿನ ಇಸಾವೊ ಇನೊಕುಮಾ ಆ ವಿಭಾಗಕ್ಕೆ ಸಣ್ಣ ಆಳು. ಅವನೂ ಭಾರ ಎತ್ತಿಯೇ ಬಲ ಕೂಡಿಸಿಕೊಂಡಿದ್ದ. ಆದರೆ ಇಬ್ಬರೂ ಮೊದಲು ಜೂಡೋದವರು, ಆಮೇಲೆ ಭಾರದವರು.

ವಿಜ್ಞಾನಿಗಳೂ ಈ ಗಂಟನ್ನು ಬಿಚ್ಚಿ ನೋಡಿದ್ದಾರೆ. ಅಮೆರಿಕದ ರಾಬರ್ಟ್ ಹಿಕ್ಸನ್ 1980ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮೂರು ಗುಂಪುಗಳಿದ್ದವು. ಒಂದು ಗುಂಪಿಗೆ ಭಾರ ಮಾತ್ರ, ಇನ್ನೊಂದಕ್ಕೆ ಓಟ, ಸೈಕಲ್ಲುಗಳಂಥ ದಮ್ಮಿನ ಕೆಲಸ ಮಾತ್ರ, ಮೂರನೆಯದಕ್ಕೆ ಎರಡೂ. ಹತ್ತು ವಾರಗಳ ಸಾಧನೆ. ಎರಡನ್ನೂ ಮಾಡಿದವರ ಬಲ ಮೊದಲ ಆರೇಳು ವಾರ ಚೆನ್ನಾಗಿಯೇ ಏರಿತು, ಆಮೇಲೆ ನಿಂತಿತು, ಕೊನೆಯ ಎರಡು ವಾರಗಳಲ್ಲಿ ಇಳಿಯಿತು. ದಮ್ಮಿಗೆ ಮಾತ್ರ ಕುಂದು ಬರಲಿಲ್ಲ. ಮುಂದಿನ ಸಂಶೋಧನೆಗಳು ಈ ಘರ್ಷಣೆ ಯಾವಾಗಲೂ ಅಷ್ಟು ತೀವ್ರವಲ್ಲ, ಕೆಲಸದ ಪ್ರಮಾಣ ಮತ್ತು ವಿಶ್ರಾಂತಿಗಳ ಮೇಲೆ ಅದು ನಿಂತಿದೆ ಎಂದು ತೋರಿಸಿವೆ. ನನಗೆ ತಿಳಿದದ್ದು ಇಷ್ಟು: ಶರೀರ ಒಂದೇ ಚೀಲದಿಂದ ಖರ್ಚುಮಾಡುತ್ತದೆ; ಇದು ಕುಸ್ತಿಯ ಲೆಕ್ಕ, ಇದು ಭಾರದ ಲೆಕ್ಕ, ಇದು ಕಾರಖಾನೆಯ ಲೆಕ್ಕ ಎಂದು ಅದರಲ್ಲಿ ಬೇರೆ ಬೇರೆ ಕಿಸೆಗಳಿಲ್ಲ.

ಇನ್ನೊಂದು ಮಾತನ್ನು ನಾನು ಕಂಡುಕೊಂಡೆ. ಇದೇ ನನ್ನ ಭಾಷಣದ ತಿರುಳು ಎನ್ನಿರಿ. ಬಲಕ್ಕೆ ತಾಳ್ಮೆ ಇದೆ, ಪಟ್ಟಿಗೆ ಇಲ್ಲ. ಒಮ್ಮೆ ಗಳಿಸಿದ ಬಲವನ್ನು ವಾರಕ್ಕೊಮ್ಮೆಯೋ ಎರಡು ಸಲವೋ ಸರಿಯಾಗಿ ಮಾತಾಡಿಸಿದರೆ ಬಹಳ ದಿನ ಮನೆ ಬಿಟ್ಟು ಹೋಗುವುದಿಲ್ಲ. ಪಟ್ಟು ಹಾಗಲ್ಲ, ಅದು ದಿನವೂ ಕರೆಯಬೇಕಾದ ಆಕಳು. ಕರೆಯುವುದು ತಪ್ಪಿದರೆ ಬತ್ತುತ್ತದೆ. ಅಲ್ಲದೆ ಹೊಸ ಪಟ್ಟು ಮೈಗೆ ಹತ್ತುವುದು ಮೈ ಹಗುರಾಗಿದ್ದಾಗ. ದಣಿದ ಕಾಲಿಗೆ ಕಲಿಸಿದರೆ ಅದು ದಣಿದ ಪಟ್ಟನ್ನೇ ಕಲಿಯುತ್ತದೆ. ಭಾರೀ ಭಾರದ ನೋವು ಅದೇ ದಿನ ತೋರದೆ ಮರುದಿನ, ಮೂರನೆಯ ದಿನ ತಲೆಯೆತ್ತುವುದನ್ನು ತರುಣರೆಲ್ಲರೂ ಬಲ್ಲಿರಿ. ನನ್ನ ಆ ಬುಧವಾರದ ಮೊಣಕಾಲಿನಲ್ಲಿ ಸೋಮವಾರದ ಸಾಲವೂ ಸೇರಿತ್ತು.

ಆದ್ದರಿಂದ ಈಗ ಭಾರಕ್ಕೆ ವಾರದಲ್ಲಿ ಎರಡೇ ದಿನ. ಅದೂ ಮಣ್ಣಿನ ಕೆಲಸ ಮುಗಿದ ಮೇಲೆ. ಇಲ್ಲವೆ ಪಾಠವಿಲ್ಲದ ದಿನ. ಎತ್ತುವುದು ಸ್ವಲ್ಪ, ಚೆನ್ನಾಗಿ. ಇನ್ನೆರಡು ಸಲ ಎತ್ತಬಲ್ಲೆ ಎನ್ನುವಾಗಲೇ ಕೆಳಗಿಡುತ್ತೇನೆ. ತೋಳಿನ ಸಿಂಗಾರದ ವ್ಯಾಯಾಮಗಳನ್ನು ಬಿಟ್ಟೆ. ಕಾಲು, ಬೆನ್ನು, ಸೊಂಟ, ಮುಷ್ಟಿಯ ಹಿಡಿತ ಇವುಗಳನ್ನು ಉಳಿಸಿಕೊಂಡೆ. ಪಂದ್ಯಕ್ಕೆ ಹೋಗುವ ಹುಡುಗರಿಗೆ ಪಂದ್ಯ ಹತ್ತಿರವಾದಂತೆ ಭಾರ ಇಳಿಸುತ್ತೇನೆ. ಎಳೆಯರಿಗೆ ತಮ್ಮ ಮೈಯೇ ಭಾರ: ದಂಡ, ಬೈಠಕು, ಹಗ್ಗ. ಮೊದಲು ಹದ ಕಲಿತು ಆಮೇಲೆ ಹಗುರ ಭಾರ ಹಿಡಿದರೆ ಅವರಿಗೂ ಅಪಾಯವಿಲ್ಲ. ನಮ್ಮ ಹುಡುಗರಿಗೆ ಅಪಾಯ ತಂದದ್ದು ಕಬ್ಬಿಣವಲ್ಲ, ಮಾಸ್ತರರ ದಣಿವು.

ಕಲಿಸುವುದರ ಲೆಕ್ಕವನ್ನೂ ಈಗ ಇಡುತ್ತೇನೆ. ಒಂದು ಸಂಜೆಗೆ ನಾನು ಎತ್ತಿ ತೋರಿಸುವುದು ನಾಲ್ಕೇ ಸಲ. ಮಿಕ್ಕದ್ದನ್ನು ದೊಡ್ಡ ಹುಡುಗರು ತೋರಿಸುತ್ತಾರೆ, ನಾನು ಅಂಚಿನಲ್ಲಿ ಕೂತು ನೋಡುತ್ತೇನೆ. ಹೀಗೆ ಕೂತ ಮೊದಲ ಸಂಜೆಯೇ, ನಾನು ವರ್ಷಗಟ್ಟಲೆ ಕಾಣದೆ ಇದ್ದ ತಪ್ಪುಗಳು ಕಣ್ಣಿಗೆ ಬಿದ್ದವು: ಒಬ್ಬ ಎಡಗಾಲು ಎಳೆಯುತ್ತಾನೆ, ಇನ್ನೊಬ್ಬ ಹಿಡಿಯುವ ಮೊದಲೇ ಕಣ್ಣು ಮುಚ್ಚುತ್ತಾನೆ. ನಮ್ಮೂರ ವಸ್ತಾದರ ಕಟ್ಟೆ ಆಗ ನೆನಪಾಯಿತು. ಮುದುಕರು ಸೋಮಾರಿಗಳಾಗಿರಲಿಲ್ಲ.

ಆದರೆ ಕೂತೇ ಇದ್ದರೆ ಗುರುವಿನ ವಿದ್ಯೆ ತುಕ್ಕು ಹಿಡಿಯುತ್ತದೆ. ಅದಕ್ಕೆ ಪುಣೆಯಲ್ಲಿಯೇ ಒಂದು ಉದಾಹರಣೆಯಿತ್ತು. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ. ಕೆ. ಎಸ್. ಅಯ್ಯಂಗಾರರು 1937ರಲ್ಲಿ ಇಲ್ಲಿಯ ಡೆಕ್ಕನ್ ಜಿಮಖಾನಾಕ್ಕೆ ಆರು ತಿಂಗಳ ಮಟ್ಟಿಗೆಂದು ಯೋಗ ಕಲಿಸಲು ಬಂದರು. ಹರಯದ ಹುಡುಗ, ಕಾಯಿಲೆಗಳಿಂದ ಬಡಕಲಾದ ಮೈ, ಮರಾಠಿ ಬಾರದು. ಶಿಷ್ಯರೋ ವಯಸ್ಸಿನಲ್ಲಿಯೂ ಕಸುವಿನಲ್ಲಿಯೂ ತಮಗಿಂತ ದೊಡ್ಡವರು. ಕಲಿಸುವ ವೇಳೆ ಬೇರೆ, ತಮ್ಮ ಸಾಧನೆಯ ವೇಳೆ ಬೇರೆ ಎಂದು ಇಟ್ಟುಕೊಂಡು ಅವರು ತಾಸುಗಟ್ಟಲೆ ಒಬ್ಬರೇ ಅಭ್ಯಾಸಮಾಡಿದರು. ಆರು ತಿಂಗಳಿಗೆ ಬಂದವರು 2014ರಲ್ಲಿ ತೀರಿಕೊಳ್ಳುವವರೆಗೂ ಈ ಊರಿನವರಾಗಿಯೇ ಉಳಿದರು. ಮುಪ್ಪಿನಲ್ಲಿಯೂ ಅಭ್ಯಾಸ ಬಿಡಲಿಲ್ಲ. ಯೋಗ ಕುಸ್ತಿಯಲ್ಲ, ಒಪ್ಪಿದೆ. ಗುರುವಿನ ಪಾಡು ಎರಡರಲ್ಲಿಯೂ ಒಂದೇ. ಅವರನ್ನು ನೆನೆದು, ಹುಡುಗರು ಬರುವ ಮೊದಲಿನ ಅರ್ಧ ತಾಸನ್ನು ನಾನು ನನ್ನದೆಂದು ಕಟ್ಟಿಟ್ಟುಕೊಂಡಿದ್ದೇನೆ. ಆಗ ಯಾರು ಕರೆದರೂ ಓಗೊಡುವುದಿಲ್ಲ; ಕಾರ್ಯದರ್ಶಿಗಳು ಇದನ್ನು ಬಲ್ಲರು.

ಆ ಹುಡುಗನ ಎಲುಬು ಕೂಡಿಕೊಂಡಿತು. ನಾಲ್ಕು ತಿಂಗಳ ನಂತರ ಅವನ ತಾಯಿಯೇ ಅವನನ್ನು ಕರೆತಂದು ಅಖಾಡದ ಬಾಗಿಲಲ್ಲಿ ನಿಂತರು. "ಇವತ್ತು ದಣದೀರೇನ್ರಿ ಮಾಸ್ತರ?" ಎಂದು ಕೇಳಿದರು. "ಇಲ್ಲ ತಾಯಿ" ಎಂದೆ. ಅವರು ಹುಡುಗನನ್ನು ಬಿಟ್ಟು ಸಂತೆಗೆ ಹೋದರು. ಈಗ ಅವನಿಗೆ ಹದಿನೇಳು, ತೂಕದಲ್ಲಿ ನನ್ನ ಸಮೀಪಕ್ಕೆ ಬಂದಿದ್ದಾನೆ. ಶನಿವಾರ ಸಂಜೆ ಅದೇ ಧೋಬಿ ಪಛಾಡ್‌ನಿಂದ ನನ್ನನ್ನು ಒಗೆಯಲು ಅವನಿಗೆ ಅಪ್ಪಣೆಯಿದೆ. ಹೋದ ಶನಿವಾರ ಎರಡು ಸಲ ಒಗೆದ.