ಪಟ್ಟಿಯಲ್ಲಿ ಹೆಸರಿಲ್ಲದ ಹುಡುಗಿ

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಸಾಫ್ಟ್‌ವೇರ್‌ನವನು ಬಂದಿದ್ದಾನೆ, ಕಂಪ್ಯೂಟರ್ ಬಗ್ಗೆ ಹೇಳುತ್ತಾನೆ ಎಂದು ನೀವು ಅಂದುಕೊಂಡಿರಬಹುದು. ನಾನು ಇವತ್ತು ಒಂದು ಕ್ರಿಕೆಟ್ ಪಂದ್ಯದ ಬಗ್ಗೆ ಹೇಳುತ್ತೇನೆ.

2025ರ ನವೆಂಬರ್ 2, ಭಾನುವಾರ. ನವಿ ಮುಂಬೈಯ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಮಹಿಳೆಯರ ಏಕದಿನ ವಿಶ್ವಕಪ್ ಫೈನಲ್. ಮಳೆಯಿಂದ ಆಟ ತಡವಾಗಿ ಶುರುವಾಯಿತು, ಮುಗಿದಾಗ ಮಧ್ಯರಾತ್ರಿಯ ಹೊತ್ತಾಗಿತ್ತು. ಭಾರತ 7 ವಿಕೆಟ್‌ಗೆ 298 ರನ್ ಮಾಡಿತು. ದಕ್ಷಿಣ ಆಫ್ರಿಕಾ 246ಕ್ಕೆ ಆಲೌಟ್ ಆಯಿತು. 52 ರನ್‌ಗಳಿಂದ ಗೆದ್ದು ನಮ್ಮ ಹುಡುಗಿಯರು ಮೊದಲ ಬಾರಿಗೆ ವಿಶ್ವಕಪ್ ಎತ್ತಿದರು. ನಿಮ್ಮಲ್ಲಿ ಬಹಳ ಜನ ನೋಡಿರುತ್ತೀರಿ. ಆ ಪಂದ್ಯದಿಂದ ನನ್ನ ಮನಸ್ಸಿನಲ್ಲಿ ಉಳಿದ ಮೂರು ಮಾತು ಹೇಳಿ, ಕೊನೆಗೆ ನಿಮ್ಮಲ್ಲಿ ಒಂದು ಕೇಳಿಕೊಳ್ಳುತ್ತೇನೆ.

ಮೊದಲನೆಯದು, ಶಫಾಲಿ ವರ್ಮಾ. ವಿಶ್ವಕಪ್‌ಗೆ ಆರಿಸಿದ 15 ಜನರ ಪಟ್ಟಿಯಲ್ಲಿ ಈಕೆಯ ಹೆಸರೇ ಇರಲಿಲ್ಲ. ಚೆನ್ನಾಗಿ ಆಡುತ್ತಿದ್ದ ಪ್ರತೀಕಾ ರಾವಲ್ ಗಾಯಗೊಂಡಾಗ, ಸೆಮಿಫೈನಲ್‌ಗೆ ಕೆಲವೇ ದಿನ ಮೊದಲು ಶಫಾಲಿಗೆ ಕರೆ ಬಂತು. ಆಗ ಅವರು ತಮ್ಮ ರಾಜ್ಯದ ಪರವಾಗಿ ದೇಶಿ ಪಂದ್ಯ ಆಡುತ್ತಿದ್ದರು. ಸೆಮಿಫೈನಲ್‌ನಲ್ಲಿ ಬೇಗ ಔಟಾದರು. ಫೈನಲ್‌ನಲ್ಲಿ 78 ಎಸೆತಗಳಲ್ಲಿ 87 ರನ್ ಹೊಡೆದರು. ಬೌಲಿಂಗ್ ಅವರ ಮುಖ್ಯ ಕೆಲಸವಲ್ಲ. ಆದರೂ ನಾಯಕಿ ಹರ್ಮನ್‌ಪ್ರೀತ್ ಕೌರ್ ಚೆಂಡು ಕೊಟ್ಟಾಗ ಎರಡು ದೊಡ್ಡ ವಿಕೆಟ್ ತೆಗೆದರು. ಪಂದ್ಯಶ್ರೇಷ್ಠ ಪ್ರಶಸ್ತಿ ಅವರಿಗೇ ಬಂತು.

ಪಟ್ಟಿಯಿಂದ ಹೆಸರು ಬಿಟ್ಟುಹೋದ ಮೇಲೂ ಆಕೆ ಆಟ ಬಿಟ್ಟಿರಲಿಲ್ಲ. ಅವಕಾಶ ಮೊದಲೇ ಹೇಳಿ ಬರುವುದಿಲ್ಲ. ಬಂದ ದಿನ ನಾವು ಅಭ್ಯಾಸದಲ್ಲಿ ಇರಬೇಕು, ಅಷ್ಟೆ. ಮಕ್ಕಳೇ, ಈ ಸಲ ಕಡಿಮೆ ಅಂಕ ಬಂತು, ಬಯಸಿದ ಕಾಲೇಜು ಸಿಗಲಿಲ್ಲ ಎಂದಾಗ ಇದನ್ನು ನೆನಪಿಟ್ಟುಕೊಳ್ಳಿ. ಗೆಲುವಿನ ಸಂಭ್ರಮಕ್ಕೆ ಪ್ರತೀಕಾ ಗಾಲಿಕುರ್ಚಿಯಲ್ಲಿ ಮೈದಾನಕ್ಕೆ ಬಂದಿದ್ದರು. ತನ್ನ ಜಾಗದಲ್ಲಿ ಬೇರೊಬ್ಬಳು ಮಿಂಚಿದ್ದನ್ನು ಕಂಡು ಮನಸಾರೆ ಸಂತೋಷಪಡುವುದೂ ಆಟದಿಂದಲೇ ಬರುವ ಗುಣ.

ಎರಡನೆಯದು, ಸೋಲು. ಲೀಗ್ ಹಂತದಲ್ಲಿ ಇದೇ ತಂಡ ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾ, ಇಂಗ್ಲೆಂಡ್ ವಿರುದ್ಧ ಸತತ ಮೂರು ಪಂದ್ಯ ಸೋತಿತ್ತು. ಇಂಗ್ಲೆಂಡ್ ಪಂದ್ಯಕ್ಕೆ ಜೆಮಿಮಾ ರಾಡ್ರಿಗಸ್ ಅವರನ್ನು ಹೊರಗೆ ಕೂರಿಸಲಾಗಿತ್ತು. ಅದೇ ಜೆಮಿಮಾ ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾದ 338 ರನ್ ಬೆನ್ನಟ್ಟುವಾಗ ಔಟಾಗದೆ 127 ರನ್ ಮಾಡಿದರು. ತಂಡದ ಕೋಚ್ ಅಮೋಲ್ ಮಜುಂದಾರ್ ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ 11 ಸಾವಿರಕ್ಕೂ ಹೆಚ್ಚು ರನ್ ಮಾಡಿದವರು. ಭಾರತಕ್ಕಾಗಿ ಒಂದೂ ಪಂದ್ಯ ಆಡುವ ಅವಕಾಶ ಅವರಿಗೆ ಸಿಗಲಿಲ್ಲ. ತನಗೆ ಸಿಗದಿದ್ದುದನ್ನು ಬೇರೆಯವರ ಕೈಗೆ ದಾಟಿಸಿದರು. ನಮ್ಮ ಮೇಷ್ಟ್ರುಗಳು ಮಾಡಿದ್ದೂ ಅದನ್ನೇ ಅಲ್ಲವೇ?

ಮೂರನೆಯದು, ಹಿಂದಿನವರು. ಭಾರತದ ಮಹಿಳಾ ತಂಡ ತನ್ನ ಮೊದಲ ಟೆಸ್ಟ್ ಆಡಿದ್ದು 1976ರಲ್ಲಿ, ನಮ್ಮ ಬೆಂಗಳೂರಿನಲ್ಲಿ. ನಾಯಕಿ ಬೆಂಗಳೂರಿನವರೇ ಆದ ಶಾಂತಾ ರಂಗಸ್ವಾಮಿ. ಈ ಶಾಲೆಗೆ ಎಷ್ಟು ವಯಸ್ಸೋ ಆ ಕಥೆಗೂ ಅಷ್ಟೇ ವಯಸ್ಸು. ಆಗ ಹಣವಿರಲಿಲ್ಲ, ರೈಲಿನಲ್ಲಿ ರಿಸರ್ವೇಶನ್ ಇಲ್ಲದ ಬೋಗಿಯಲ್ಲಿ ಹೋಗಿ ಆಡಿ ಬಂದವರು ಅವರು. 2005ರಲ್ಲಿ ಫೈನಲ್ ತಲುಪಿ ಸೋತರು. 2017ರಲ್ಲಿ ಲಾರ್ಡ್ಸ್‌ನಲ್ಲಿ ಗೆಲುವಿನ ಹತ್ತಿರ ಬಂದು ಕೇವಲ 9 ರನ್‌ಗಳಿಂದ ಸೋತರು. ಆ ತಂಡದಲ್ಲಿ ಕಡೂರಿನ ವೇದಾ ಕೃಷ್ಣಮೂರ್ತಿ, ವಿಜಯಪುರದ ರಾಜೇಶ್ವರಿ ಗಾಯಕ್ವಾಡ್ ಇದ್ದರು. ಅಂದರೆ ನಮ್ಮಂಥದೇ ಊರುಗಳ ಕಡೆಯ ಹೆಣ್ಣುಮಕ್ಕಳು. 2025ರಲ್ಲಿ ಗೆದ್ದ ತಂಡ ವಿಶ್ವಕಪ್ಪನ್ನು ಮೈದಾನದಲ್ಲಿದ್ದ ಮಿಥಾಲಿ ರಾಜ್, ಝೂಲನ್ ಗೋಸ್ವಾಮಿ ಅವರ ಕೈಗೂ ಕೊಟ್ಟಿತು. ಕಪ್ಪು ಬರಲು ಸುಮಾರು ಐವತ್ತು ವರ್ಷ ಹಿಡಿಯಿತು ಎನ್ನುವುದು ಅವರಿಗೆಲ್ಲ ಗೊತ್ತಿತ್ತು.

ಈಗ ನಮ್ಮ ಮೈದಾನಕ್ಕೆ ಬರುತ್ತೇನೆ. ನಾವು ಓದುವಾಗ ಆಟದ ಪೀರಿಯಡ್‌ನಲ್ಲಿ ಬ್ಯಾಟು ಚೆಂಡು ಹುಡುಗರ ಕೈಗೆ ಬರುತ್ತಿತ್ತು. ಹುಡುಗಿಯರು ಬೇವಿನ ಮರದ ಕೆಳಗೆ ಇರುತ್ತಿದ್ದರು. ಚೆಂಡು ಆ ಕಡೆ ಹೋದರೆ ನಮ್ಮ ಕ್ಲಾಸಿನ ಒಬ್ಬಳು ಎತ್ತಿ ಎಸೆಯುತ್ತಿದ್ದಳು. ಒಂದು ಪುಟವೂ ಬೀಳದೆ ಕೀಪರ್ ಕೈಗೆ ನೇರ ಬರುತ್ತಿತ್ತು. ಫೈನಲ್‌ನಲ್ಲಿ ಅಮನ್‌ಜೋತ್ ಕೌರ್ ಗುರಿಯಿಟ್ಟು ಎಸೆದು ದಕ್ಷಿಣ ಆಫ್ರಿಕಾದ ಮೊದಲ ಜೋಡಿ ಮುರಿದಾಗ ನನಗೆ ಆ ಕೈ ನೆನಪಾಯಿತು. ಅಂಥ ಕೈ ಈಗಿನ ಎಂಟನೇ ಕ್ಲಾಸಿನಲ್ಲೂ ಒಂದು ಇದ್ದೇ ಇರುತ್ತದೆ. ಅದು ನಮಗೆ ಗೊತ್ತಾಗುವುದು ಅವಳ ಕೈಗೆ ಚೆಂಡು ಕೊಟ್ಟಾಗ ಮಾತ್ರ.

ಎಲ್ಲರೂ ಶಫಾಲಿ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಕ್ಯಾಚ್ ಮೇಲಕ್ಕೆ ಹೋದಾಗ ಆಡುವವರು ‘ನಂದು!’ ಎಂದು ಗಟ್ಟಿಯಾಗಿ ಕೂಗಬೇಕು, ಇಲ್ಲದಿದ್ದರೆ ಇಬ್ಬರು ಡಿಕ್ಕಿ ಹೊಡೆಯುತ್ತಾರೆ. ಆಫೀಸಿನ ಮೀಟಿಂಗ್‌ಗಳಲ್ಲಿ ನಾನು ನೋಡುತ್ತೇನೆ: ಹಳ್ಳಿಯಿಂದ ಬಂದ ಬುದ್ಧಿವಂತ ಹೆಣ್ಣುಮಕ್ಕಳಿಗೆ ಉತ್ತರ ಗೊತ್ತಿರುತ್ತದೆ, ಆದರೆ ‘ಇದು ನಂದು, ನಾನು ಮಾಡುತ್ತೇನೆ’ ಎನ್ನುವ ಹೊತ್ತಿಗೆ ದನಿ ಇಳಿಯುತ್ತದೆ. ಆ ದನಿ ಪಾಠದ ಪುಸ್ತಕದಿಂದ ಬರುವುದಿಲ್ಲ, ಮೈದಾನದಲ್ಲಿ ಕೂಗಿ ಕೂಗಿ ಬರಬೇಕು.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಗುರುಗಳೇ, ವಾರದಲ್ಲಿ ಎರಡು ದಿನ ಮೈದಾನದ ನಡುಭಾಗವನ್ನು ಹುಡುಗಿಯರಿಗೇ ಬಿಡಿ. ಹಳೆಯ ವಿದ್ಯಾರ್ಥಿಗಳೇ, ಸುವರ್ಣ ಮಹೋತ್ಸವದ ನಿಧಿಯಲ್ಲಿ ಕಮಾನು ಕಟ್ಟುವ ಮೊದಲು ಅವರಿಗೆಂದೇ ಒಂದು ಕಿಟ್ ಕೊಳ್ಳೋಣ. ಬಟ್ಟೆ ಬದಲಿಸಲು ಒಂದು ಕೋಣೆ, ನೀರು ಬರುವ ಶೌಚಾಲಯ ಮಾಡಿಸೋಣ. ನನ್ನ ಪಾಲನ್ನು ಇವತ್ತೇ ಹೆಡ್‌ಮಾಸ್ಟರ್ ಕೈಗೆ ಕೊಟ್ಟಿದ್ದೇನೆ. ಅಪ್ಪಂದಿರೇ, ಅವ್ವಂದಿರೇ, ಆ ಎರಡು ದಿನ ಮಗಳು ಮನೆಗೆ ಬರುವುದು ಒಂದು ಗಂಟೆ ತಡವಾದರೆ ಬೈಯಬೇಡಿ. ಸರದಿಯಂತೆ ಒಬ್ಬರು ಬಂದು ಮೈದಾನದ ಬದಿಯಲ್ಲಿ ಕೂತುಕೊಳ್ಳಿ. ಕಟ್ಟೆಯ ಮೇಲೆ ಆಡುವ ಮಾತನ್ನು ಇಲ್ಲೇ ಕೂತು ಆಡಬಹುದು.

ಮುಂದಿನ ಐವತ್ತು ವರ್ಷಕ್ಕೆ ಈ ಶಾಲೆಯಿಂದ ಇಷ್ಟು ಆದರೆ ಸಾಕು.